ಏರಿನ ಬುಡದಲ್ಲಿ ಬೀಳುವ ಚೈನು

ಸೈಕಲ್ಲಿನ ಚೈನು ಸುಮ್ಮಸುಮ್ಮನೆ ಬೀಳುವುದಿಲ್ಲ. ಅದಕ್ಕೊಂದು ಕಾರಣವಿರುತ್ತದೆ, ಆ ಕಾರಣ ನೂರಕ್ಕೆ ತೊಂಬತ್ತು ಸಲ ಸೀಟಿನ ಮೇಲೆ ಕೂತಿರುತ್ತದೆ. ಸೈಕಲ್ ರಿಪೇರಿ ಅಂಗಡಿ ಇಟ್ಟು ಹದಿನೆಂಟು ವರ್ಷ ಗ್ರೀಸಿನಲ್ಲಿ ಕೈಯಾಡಿಸಿದವಳು ನಾನು. ಈ ಮಾತನ್ನು ಯಾರ ಮುಖಕ್ಕೆ ಬೇಕಾದರೂ ಹೇಳುತ್ತೇನೆ.

ನಮ್ಮೂರಿನ ಬ್ಯಾಂಕ್ ಮ್ಯಾನೇಜರ್ ಆಗಿದ್ದ ಸಾಹೇಬರಿಗೂ ಹೇಳಿದ್ದೆ. ನಿವೃತ್ತರಾಗಿ ಎರಡು ವರ್ಷವಾದರೂ ಅವರ ದರ್ಬಾರು ಇಳಿದಿರಲಿಲ್ಲ. ಅಳಿಯ ಪ್ರತಿ ಭಾನುವಾರ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ರೋಡ್ ಬೈಕ್ ಎನ್ನುವ ತೆಳು ಟೈರಿನ ಗೇರು ಸೈಕಲ್ಲಿನಲ್ಲಿ ಗುಡ್ಡ ಹತ್ತುತ್ತಾನೆಂದು ಇವರೂ ಒಂದು ಕೊಂಡರು. ಸೈಕಲ್ಲೇನೋ ಅಪ್ಪಟ ಚಿನ್ನ. ಅದರ ಮೇಲೆ ಇವರು, ಹೊಟ್ಟೆಗೆ ಅಂಟಿದ ಹಳದಿ ಅಂಗಿಯಲ್ಲಿ! ನಗು ನುಂಗಲು ನಾನು ಸ್ಪ್ಯಾನರ್ ಹುಡುಕುವ ನೆಪ ಮಾಡಬೇಕಾಯಿತು.

"ನೋಡಮ್ಮಾ, ಚೈನು ಕಳಚ್ಕೋತಿದೆ. ನೀಟಾಗಿ ಮಾಡ್ಕೊಡು," ಎಂದು ಅಪ್ಪಣೆಯಾಯಿತು.

ಮೊದಲ ಸಲ ನಿಜಕ್ಕೂ ದೋಷವಿತ್ತು. ದೊಡ್ಡ ಹಲ್ಲುಚಕ್ರದಿಂದ ಚಿಕ್ಕದಕ್ಕೆ ಇಳಿಯುವಾಗ ಚೈನು ಅಳತೆ ಮೀರಿ ಒಳಕ್ಕೆ ಜಾರುತ್ತಿತ್ತು. ಸ್ಕ್ರೂ ಕಾಲು ಸುತ್ತು ತಿರುಗಿಸಿ ಸರಿಮಾಡಿದೆ. ಸೋಮವಾರ ಮತ್ತೆ ಹಾಜರು! ಹಿಂದಿನ ಗೇರು ಬಾಗಿದೆಯೇ ನೋಡಿದೆ, ಹಲ್ಲು ಸವೆದಿವೆಯೇ ನೋಡಿದೆ, ಕೇಬಲ್ ಬಿಗಿ ನೋಡಿದೆ. ಒಂದು ಕುಂದೂ ಇಲ್ಲ. "ಸಾರ್, ನೀವು ತುಳಿಯೋದೇ ಸರಿಯಿಲ್ಲ," ಎಂದೆ. ಮುಖ ಊದಿಸಿಕೊಂಡು ಹೋದರು. ಮೂರನೇ ವಾರ ಚೈನು ಒಳಕ್ಕೆ ಜಾರದಂತೆ ತಡೆಯುವ ಪುಟ್ಟ ಪಟ್ಟಿಯೊಂದನ್ನು ಕೂರಿಸಿದೆ. ಅದಾದ ಮೇಲೂ ಬಿತ್ತಂತೆ.

ಆ ಸಂಜೆ ಅಳಿಯನ ಫೋನು. "ಮೇಡಂ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡಿ. ಇನ್ನೊಂದು ಸಲ ಬಿದ್ರೆ ನಾವೆಲ್ಲ ಬೇರೆ ಅಂಗಡಿಗೆ ಹೋಗ್ತೀವಿ."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಅಂಗಡಿಯ ಅರ್ಧ ಕೆಲಸ ಆ ಗುಂಪಿನದು. ಅವರು ಹೋದರೆ ಉಳಿದವರೂ ಹೋಗುತ್ತಾರೆ. ಮರುದಿನ ಸಾಹೇಬರನ್ನು ಹಿಡಿದು ಕೇಳಿದೆ.

"ಎಲ್ಲಿ ಬೀಳತ್ತೆ ಸಾರ್?"

"ಏರಿನ ಬುಡದಲ್ಲಿ."

"ಪ್ರತಿ ಸಲಾನೂ ಅಲ್ಲೇನಾ?"

"ಪ್ರತಿ ಸಲಾನೂ," ಎಂದರು, ಗೋಡೆಗೆ ತೂಗುಹಾಕಿದ್ದ ಟೈರುಗಳನ್ನು ನೋಡುತ್ತ.

ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಏರಿನ ಬುಡಕ್ಕೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ನಿಂತೆ. ಗುಂಪು ಸುಯ್ಯೆಂದು ಮೇಲೆ ಹೋಯಿತು. ಎಲ್ಲರಿಗಿಂತ ಹಿಂದೆ ಹಳದಿ ಅಂಗಿ. ಸಾಹೇಬರು ಇಳಿದರು. ಅತ್ತಿತ್ತ ನೋಡಿದರು. ಬಗ್ಗಿ, ಎರಡೇ ಬೆರಳಲ್ಲಿ, ಮಗುವಿನ ಜಡೆ ಬಿಚ್ಚುವಷ್ಟು ನಾಜೂಕಾಗಿ ಚೈನು ಕಳಚಿ ಇಳಿಬಿಟ್ಟರು.

"ಥೂ! ನಾಚಿಕೆ ಆಗಲ್ವಾ ಸಾರ್ ನಿಮಗೆ?" ಎನ್ನುತ್ತ ಮುಂದೆ ಬಂದೆ.

ಬೆಚ್ಚಿಬಿದ್ದರು. ಆಮೇಲೆ ಮೆಲ್ಲಗೆ, "ಕಾಲಲ್ಲಿ ಆಗ್ತಿಲ್ಲಮ್ಮಾ. ಈ ಏರು ಹತ್ತೋಕಾಗಲ್ಲ. ಹೇಳಿದ್ರೆ ಅಳಿಯ ಮನೇಲೇ ಇರಿ ಅಂತಾನೆ," ಎಂದರು.

"ಚೈನು ಬಿದ್ರೆ?"

"ಬಿದ್ರೆ ನಿನ್ನ ಅಂಗಡಿ ತಪ್ಪು ಅಂತಾನೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಅಷ್ಟಕ್ಕೇ ನಿಲ್ಲಿಸಲಿಲ್ಲ. "ಒಂದು ಉಪಕಾರ ಮಾಡಮ್ಮಾ. ನಿಜವಾಗ್ಲೂ ಬೀಳೋ ಹಾಗೆ ಸ್ವಲ್ಪ ಸಡಿಲ ಮಾಡ್ಕೊಡು," ಎಂದು ಕೇಳಿದರು. ಕೆಟ್ಟ ಕೆಲಸ ಮಾಡಿಕೊಡಿ ಎಂದು ನನ್ನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ಅಷ್ಟರಲ್ಲಿ, ಮಾವ ಹಿಂದೆ ಬರಲಿಲ್ಲವೆಂದು ಅಳಿಯ ಗುಂಪಿನ ಸಮೇತ ವಾಪಸು ಇಳಿದು ಬಂದ. "ಮತ್ತೆ ಬಿತ್ತಾ ಮಾವ? ಓಹೋ, ಮೇಡಂ ಇಲ್ಲೇ ಇದ್ದಾರೆ. ಈಗೇನಂತೀರಿ ಮೇಡಂ?"

ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಸಾಹೇಬರು ಕಣ್ಣಲ್ಲೇ ಬೇಡಿಕೊಂಡರು.

"ಚೈನಿಗೆ ಏನೂ ಆಗಿಲ್ಲ. ನಿಮ್ಮ ಮಾವನೇ ಕೈಯಾರೆ ಕಳಚಿದ್ದು. ಅವರಿಗೆ ಏರು ಹತ್ತೋಕಾಗಲ್ಲ, ಕೇಳಿ ನೋಡಿ," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಯಾರೋ ಕಿಸಕ್ಕೆಂದರು. ಅಳಿಯ ನಗಲಿಲ್ಲ. ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ, "ನಾನು ಮೊದ್ಲೇ ಹೇಳಿದ್ನಲ್ಲ ಮಾವ, ಈ ವಯಸ್ಸಲ್ಲಿ ಇದೆಲ್ಲ ಯಾಕೆ? ಕಾರು ತರಿಸ್ತೀನಿ, ಕೂತ್ಕೊಳಿ," ಎಂದ. ಅಳಿಯ ಹೇಳಿದ ಮಾತು ಕೇಳಿ ಸಾಹೇಬರು ಮೋರಿಯ ಕಟ್ಟೆಯ ಮೇಲೆ ಕೂತರು. ಎಂದೂ ಯಾರ ಮಾತೂ ಕೇಳದ ಮನುಷ್ಯ. ಉಳಿದವರು ಮತ್ತೆ ಏರು ಹತ್ತಿದರು. ನಾನು ಗೆದ್ದಿದ್ದೆ, ಆದರೂ ಅವರ ಮುಖ ನೋಡಲಾಗದೆ ಬಗ್ಗಿ ಚೈನನ್ನು ಹಲ್ಲಿಗೆ ಕೂರಿಸಿದೆ.

ಈಗ ಇಡೀ ಗುಂಪು ನನ್ನ ಅಂಗಡಿಗೇ ಬರುತ್ತದೆ. ಸಾಹೇಬರ ಸೈಕಲ್ಲೂ ಬಂತು, ಅಳಿಯನ ಕಾರಿನಲ್ಲಿ. "ಮಾವ ಇನ್ನು ಓಡಿಸಲ್ಲ, ಮಾರ್ಬಿಡಿ ಮೇಡಂ," ಎಂದು ಬಿಟ್ಟುಹೋದ. ಬಾಗಿಲ ಬಳಿಯೇ ನಿಲ್ಲಿಸಿದ್ದೇನೆ. ಬಂದವರೆಲ್ಲ ಪೆಡಲ್ ತಿರುಗಿಸಿ ನೋಡುತ್ತಾರೆ. "ಇಷ್ಟು ಚೆನ್ನಾಗಿದೆ, ಯಾಕೆ ಮಾರ್ತಿದ್ದಾರೆ?" ಎಂದು ಕೇಳುತ್ತಾರೆ.

"ಚೈನು ಬೀಳತ್ತೆ," ಎನ್ನುತ್ತೇನೆ. "ಎಷ್ಟು ನೋಡಿದ್ರೂ ನನ್ನ ಕೈಲಿ ಸರಿಮಾಡೋಕಾಗಲಿಲ್ಲ."