ನೆಲಮಾಳಿಗೆಯ ಒಂದೇ ಶಾಟ್

ಸತ್ತವರ ಕ್ಯಾಮೆರಾ ಯಾರಿಗೋ ಸಿಕ್ತು, ಅದರಲ್ಲಿದ್ದದ್ದೇ ಈ ಸಿನಿಮಾ ಅಂತ ನಂಬಿಸೋ ಪಿಕ್ಚರ್‌ಗಳಿವೆಯಲ್ಲ, ನನ್ನ ತಮ್ಮನಿಗೆ ಅದರದೇ ಹುಚ್ಚು. ಊಟಕ್ಕೆ ಕೂತರೂ ಅದೇ ಪಾಠ. "ಅಕ್ಕಾ, ರಾಕ್ಷಸನ್ನ ಪೂರ್ತಿ ತೋರಿಸಿದ್ರೆ ಕೆಟ್ಟಿತು. ಒಂದು ಕೈ, ಒಂದು ನೆರಳು, ಅಷ್ಟೇ. ಉಳಿದದ್ದು ನೋಡೋರ ತಲೆಯೊಳಗೆ ಬೆಳೀಬೇಕು. ಮತ್ತೆ ಕ್ಯಾಮೆರಾ ಹಿಡಿದವಳು ನಟಿಸಬಾರದು, ನಡುಗಬೇಕು." ನಾನು ಮದುವೆ ವಿಡಿಯೋ ತೆಗೆದು ಹೊಟ್ಟೆ ಹೊರೆಯೋಳು. ಕೈ ನಡುಗಿದ್ರೆ ನನಗೆ ಯಾರೂ ಕೆಲಸ ಕೊಡಲ್ಲ. ಆದ್ರೂ ಒಡಹುಟ್ಟಿದವನು ದುಂಬಾಲು ಬಿದ್ದ, ಹೂಂ ಅಂದೆ.

ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ನೆಲಮಾಳಿಗೆ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಗ್ಗತ್ತಲು. ನನ್ನ ಕ್ಯಾಮೆರಾದ ಲೈಟ್ ಬಿಟ್ರೆ ಬೇರೆ ಬೆಳಕಿಲ್ಲ. ಚಿತ್ರ, ಧ್ವನಿ ಎರಡೂ ವೈರಿನಲ್ಲಿ ಮೇಲಿನ ಕೋಣೆಗೆ ಹೋಗ್ತಿತ್ತು. ಅಲ್ಲಿ ತಮ್ಮ ಟಿವಿ ಮುಂದೆ ಕೂತಿದ್ದ. ಅವನ ಮಾತು ಅದೇ ವೈರಿನಲ್ಲಿ ಬಂದು ನನ್ನ ಕಿವಿಯ ಇಯರ್‌ಫೋನಿನಲ್ಲಿ ಕೇಳ್ತಿತ್ತು. ರಾಕ್ಷಸ ಬೇರೆ ಯಾರೂ ಅಲ್ಲ, ನಮ್ಮ ಎಲೆಕ್ಟ್ರಿಷಿಯನ್ ದಪ್ಪಣ್ಣ. ಮೈತುಂಬ ಫೋಮು, ಗೋಣಿಚೀಲ, ಬಣ್ಣ. ನನ್ನ ಫೋನ್ ರಿಂಗಾದೀತು ಅಂತ ತಮ್ಮ ಅದನ್ನೂ ಕಿತ್ತಿಟ್ಟುಕೊಂಡಿದ್ದ. "ಇರೋದು ಒಂದೇ ಶಾಟ್. ಕಾಪಾಡಿ ಅಂತ ಕೂಗು, ನನ್ನ ಹೆಸರು ಹಿಡಿದು ಕೂಗು, ದಪ್ಪಣ್ಣನ ಕಾಲು ಹಿಡಿ. ಏನೇ ಆದ್ರೂ ನಾವ್ಯಾರೂ ನಿಲ್ಲಿಸಲ್ಲ," ಅಂದಿದ್ದ.

ಗೋಡೆಗೂ ಕಬ್ಬಿಣದ ರ್‍ಯಾಕಿಗೂ ನಡುವಿನ ಸಂದಿಯಲ್ಲಿ ನಾನು ಅಡ್ಡಡ್ಡ ನುಸುಳ್ತಾ ಇದ್ದೆ. ರ್‍ಯಾಕಿನ ತುಂಬ ಸೀಸದ ಅಚ್ಚಿನ ಮೊಳೆಗಳ ಪೆಟ್ಟಿಗೆ. ತುಕ್ಕು ಹಿಡಿದ ಕಾಲು ಮುರೀತೋ ಏನೋ, ಇಡೀ ರ್‍ಯಾಕು ವಾಲಿ ಬಂದು ನನ್ನ ಎದೆಗೆ ಒತ್ತಿಕೊಂಡಿತು. ಕ್ಯಾಮೆರಾ ಹಿಡಿದ ಕೈ ಮಾತ್ರ ಹೊರಗಿತ್ತು. ಉಸಿರು ಬಿಟ್ಟಾಗೆಲ್ಲ ಆ ಕಬ್ಬಿಣ ಇನ್ನಷ್ಟು ಒಳಗೆ ಬರ್ತಿತ್ತು, ಎಳ್ಕೊಳ್ಳೋಕೆ ಹೋದ್ರೆ ಹಿಂದೆ ಸರೀತಿರಲಿಲ್ಲ.

"ಲೋ, ರ್‍ಯಾಕು ಬಿದ್ದಿದೆ ಕಣೋ. ನಿಜವಾಗ್ಲೂ. ಉಸಿರಾಡೋಕೆ ಆಗ್ತಿಲ್ಲ."

"ಅಬ್ಬಬ್ಬಾ! ಸೂಪರ್ ಅಕ್ಕಾ," ಅಂತ ಕಿವಿಯಲ್ಲಿ ತಮ್ಮನ ಪಿಸುಮಾತು. "ಹಾಗೇ ಮುಂದುವರಿಸು."

"ನಿನ್ನ ಸಿನಿಮಾಗೆ ಬೆಂಕಿ ಹಾಕ! ಬಾರೋ ಬೇಗ!"

"ಬೈಗುಳ ಸಖತ್ತಾಗಿದೆ."

ಮೈಯೆಲ್ಲ ಉರಿದುಹೋಯ್ತು ನನಗೆ. ಹೇಗೋ ಮಣಿಕಟ್ಟು ತಿರುಗಿಸಿ ಕ್ಯಾಮೆರಾನ ನನ್ನ ಮುಖಕ್ಕೇ ಹಿಡಿದೆ. ಎದೆ ತನಕ ತಿರುಗಿಸೋಕೆ ಆಗಲಿಲ್ಲ. "ಮೇಕಪ್ಪೇ ಇಲ್ದೆ ಹೆಂಗೆ ಬಿಳಿಚಿಕೊಂಡಿದೀಯ ಅಕ್ಕಾ!" ಅಂತ ಖುಷಿಪಟ್ಟ.

ಅಷ್ಟರಲ್ಲಿ ದಪ್ಪಣ್ಣ ಬಂದ. ದೇವರೇ ಬಂದ ಹಾಗಾಯ್ತು. "ದಪ್ಪಣ್ಣಾ, ನಿನ್ನ ದಮ್ಮಯ್ಯ, ಇದನ್ನ ಎತ್ತು." ಆ ಮುಖವಾಡದ ತೂತಿನಲ್ಲಿ ಪುಣ್ಯಾತ್ಮನಿಗೆ ಏನು ಕಾಣುತ್ತೆ ಮಣ್ಣು! ಹೇಳಿಕೊಟ್ಟ ಹಾಗೆ ಗುರ್ ಅಂದ. ಹೇಳಿಕೊಟ್ಟ ಹಾಗೆ ಎರಡೂ ಕೈಯಿಂದ ರ್‍ಯಾಕನ್ನ ನೂಕಿದ, ನನ್ನ ಕಡೆಗೇ. ಪಕ್ಕೆಯಲ್ಲಿ ಏನೋ ಲಟಕ್ ಅಂತು. ಅವನು ಮೈ ಕುಣಿಸ್ತಾ ಕತ್ತಲಲ್ಲಿ ಹೊರಟುಹೋದ.

ನಾನು ಅತ್ತೆ. ಅಳುವೂ ತಮ್ಮನಿಗೆ ಹಿಡಿಸಿತು. ಕೂಗೋಕೆ ಉಸಿರಿಲ್ಲದೆ ಪಿಸುಗುಟ್ಟಿದೆ. ಅದಂತೂ ಇನ್ನೂ ಹಿಡಿಸಿತು. ನನ್ನ ಪ್ರಾಣ ಹೋಗೋ ಹೊತ್ತಿಗೆ ಇವನು ಕುರ್ಚಿಯ ತುದಿಗೆ ಬಂದು ಕೂತಿರ್ತಾನೆ, ಅಷ್ಟೇ.

ಇಂಥ ಪಿಕ್ಚರ್ ನೋಡುವಾಗ ಎಲ್ಲರೂ ಕೇಳ್ತಾರೆ, ಸಾಯೋ ಹೊತ್ತಲ್ಲೂ ಆ ಮುಂಡೇದು ಕ್ಯಾಮೆರಾ ಯಾಕೆ ಕೆಳಗಿಡಲ್ಲ ಅಂತ. ನನಗೆ ಅಲ್ಲಿ ಗೊತ್ತಾಯ್ತು. ಅದು ಉರೀತಿದ್ರೆ ಯಾರೋ ನೋಡ್ತಿದ್ದಾರೆ, ಯಾರೋ ಬರ್ತಾರೆ ಅನ್ನೋ ಆಸೆ. ಆರಿಸಿದ್ರೆ ಆ ಕತ್ತಲಲ್ಲಿ ನಾನೊಬ್ಬಳೇ. ಹೆಬ್ಬೆರಳನ್ನ ಸ್ವಿಚ್ಚಿನ ಮೇಲಿಟ್ಟೆ, ಒತ್ತೋಕೆ ಧೈರ್ಯ ಬರಲಿಲ್ಲ. ಅವನಿಗೆ ಅದೂ ಸೂಪರ್ ಅನ್ನಿಸಿಬಿಟ್ರೆ? ಅಲ್ಲಿಗೆ ಮುಗೀತು ನನ್ನ ಕಥೆ.

ಒತ್ತಿದೆ.

ಲೈಟ್ ಹೋಯ್ತು, ಕಿವಿಯಲ್ಲಿ ತಮ್ಮನೂ ಹೋದ. ಕಣ್ಣು ಬಿಟ್ಟಿದೀನೋ ಮುಚ್ಚಿದೀನೋ ತಿಳೀಲಿಲ್ಲ. ಎಂಥ ತಪ್ಪು ಮಾಡ್ಕೊಂಡೆ ಅಂತ ಹೆದರಿ ಸತ್ತೆ. ಉಸಿರನ್ನ ಚೂರು ಚೂರೇ ಎಳೀತಾ ಇದ್ದೆ.

ಮೆಟ್ಟಿಲ ಮೇಲೆ ದಡದಡ ಸದ್ದು. "ಯಾರು ನಿನಗೆ ಆಫ್ ಮಾಡು ಅಂದಿದ್ದು? ಎಂಥಾ ಶಾಟ್ ಹಾಳು ಮಾಡಿಬಿಟ್ಟೆ! ಬುದ್ಧಿಗಿದ್ಧಿ ಇದೆಯಾ ಅಕ್ಕಾ?" ಬೈತಾನೇ ಬಂದ. ಬೈಲಿ, ಎಷ್ಟಾದ್ರೂ ಬೈಲಿ. ಅವನ ಟಾರ್ಚ್ ಬೆಳಕು ನನ್ನ ಮುಖದಿಂದ ಎದೆಗೆ ಇಳೀತು. "ದಪ್ಪಣ್ಣಾ!" ಅಂತ ಕಿರುಚಿಕೊಂಡ.

ದಪ್ಪಣ್ಣ ಮುಖವಾಡ ಕಿತ್ತೆಸೆದು ಓಡಿಬಂದ. ಇಬ್ಬರೂ ಹೆಗಲು ಕೊಟ್ಟು ರ್‍ಯಾಕು ಎತ್ತಿದ್ರು. ನಾನು ನೆಲಕ್ಕೆ ಕುಸಿದು ಬಾಯ್ತುಂಬ ಗಾಳಿ ಎಳ್ಕೊಂಡೆ. ತಮ್ಮ ಪಕ್ಕದಲ್ಲಿ ಕುಕ್ಕರಿಸಿ ನನ್ನ ಕೈ ಹಿಡ್ಕೊಂಡು ಬಿಕ್ಕಿ ಬಿಕ್ಕಿ ಅಳ್ತಿದ್ದ.

"ನಾನು ನೋಡ್ತಾನೇ ಇದ್ದೆ ಅಕ್ಕಾ," ಅಂದ. "ಮೊದಲಿಂದ ಕಣ್ಣು ಮಿಟುಕಿಸದೆ ನೋಡ್ತಾನೇ ಇದ್ದೆ."

"ಗೊತ್ತು ಕಣೋ," ಅಂದೆ. "ಅದಕ್ಕೇ ಆಫ್ ಮಾಡಿದ್ದು."