ಅಳಿಸಿದ ಸೆರಗುಗಳು

ಅಟ್ಟದ ಮೇಲಿದ್ದ ಕಂಪ್ಯೂಟರನ್ನು ಗುಜರಿಗೆ ಹಾಕುವ ಮಾತು ಬಂದ ದಿನವೇ ವಾಣಿಗೆ ಸಿಟ್ಟು ಶುರುವಾಗಿತ್ತು. ಗುಜರಿಯವನು ಗಾಡಿ ನಿಲ್ಲಿಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ಅವಳ ಗಂಡ ಕುಮಾರ್ ಸುಟ್ಟುಹೋದ ಮಗ್ಗದ ಮೋಟರು, ಮುರಿದ ಲಾಳಿಗಳ ಜೊತೆಗೆ ಕಂಪ್ಯೂಟರನ್ನೂ ಎತ್ತಿ ತಂದು ಹೊಸ್ತಿಲ ಹತ್ತಿರ ಇಟ್ಟ.

"ಅದನ್ನ ಬಿಡಿ. ನಂಗೆ ಬೇಕು," ಎಂದಳು ವಾಣಿ.

"ಯಾತಕ್ಕೆ? ಆನ್ ಮಾಡಿದ್ರೆ ಮುದ್ದೆ ಬೇಯೋವಷ್ಟು ಹೊತ್ತು ಸುಮ್ನೆ ಸುತ್ತುತಾ ಕೂತಿರುತ್ತೆ. ವೇಣುನೇ ಕೈ ಬಿಟ್ಟವ್ನೆ."

ವೇಣುಗೋಪಾಲ್ ಕುಮಾರನ ತಮ್ಮ. ಡಿಪ್ಲೊಮಾ ಓದುವಾಗ ಅದನ್ನು ಕೊಂಡಿದ್ದ. ಈಗ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಮದುವೆಯಾದ ಮೇಲೆ ರಾಜಾನುಕುಂಟೆಯಲ್ಲಿ ಮನೆ ಮಾಡಿದ್ದ.

"ವೇಣು ಕೈ ಬಿಟ್ರೆ ಸತ್ತೋಯ್ತು ಅಂತಾನಾ? ನಾನು ನೋಡ್ತೀನಿ."

ಕುಮಾರ್ ನಕ್ಕ. ಅವನು ನಕ್ಕದ್ದು ನೋಡಿ ಗುಜರಿಯವನೂ ನಕ್ಕ. ವಾಣಿ ಇಬ್ಬರ ಮುಖವನ್ನೂ ನೋಡದೆ ಡಬ್ಬವನ್ನು ತಬ್ಬಿಕೊಂಡು ಒಳಗೆ ಹೋದಳು. ಅಷ್ಟು ವರ್ಷದ ದೂಳೆಲ್ಲ ಅವಳ ಸೀರೆಗೆ ಮೆತ್ತಿಕೊಂಡಿತು.

ಮದುವೆಗೆ ಮುಂಚೆ ಅವಳು ದೊಡ್ಡಬಳ್ಳಾಪುರದ ಒಂದು ಡಿಸೈನ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸೀರೆಯ ಅಂಚು, ಬುಟ್ಟಾ, ಸೆರಗುಗಳನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬುವ ಕೆಲಸ. ಒಂದು ಚೌಕ ಎಂದರೆ ಒಂದು ಎಳೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅದೆಲ್ಲ ನಿಂತಿತು. ಇಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಲಾಳಿಗೆ ಹಾಕುವ ಕಂಡಿಕೆ ಸುತ್ತುವುದು, ಕಡಿದ ಎಳೆ ಗಂಟು ಹಾಕುವುದು, ಅಡುಗೆ, ಅತ್ತೆಯ ಮಂಡಿನೋವಿಗೆ ಎಣ್ಣೆ, ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಡಿಸೈನನ್ನು ಕುಮಾರ್ ಹೊರಗಿನಿಂದ ತರುತ್ತಿದ್ದ. ಕೊಟ್ಟವನು ಅದನ್ನೇ ಪಕ್ಕದ ಬೀದಿಗೂ ಕೊಟ್ಟಿರುತ್ತಿದ್ದ. ಒಂದೇ ಸೆರಗಿನ ಸೀರೆ ಊರ ತುಂಬ ಬಿದ್ದಿರುವಾಗ ವ್ಯಾಪಾರಿಗಳು ಮೂಗು ಮುರಿಯುತ್ತಿದ್ದರು. "ನಾನು ಬರೀತೀನಿ" ಎಂದು ವಾಣಿ ಎಷ್ಟೋ ಸಲ ಹೇಳಿದ್ದಳು. "ನೋಡೋಣ ಬಿಡು" ಎನ್ನುವುದು ಕುಮಾರನ ಉತ್ತರ.

ಆ ಭಾನುವಾರ ತೂಬಗೆರೆಯಿಂದ ಚೈತ್ರ ಬಂದಳು. ಡಿಸೈನ್ ಅಂಗಡಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡಿದವರು. ಚೈತ್ರ ಈಗ ತನ್ನ ಊರಿನಲ್ಲೇ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಡಬ್ಬ ಬಿಚ್ಚಿ, ಪೇಂಟ್ ಬ್ರಶ್ಶಿನಲ್ಲಿ ದೂಳು ತೆಗೆದು, ಒಳಗಿನ ಪಟ್ಟಿಯೊಂದನ್ನು ಕಿತ್ತು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದಳು. ಆಮೇಲೆ ವ್ಯಾನಿಟಿ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದಳು.

"ಇದರಲ್ಲಿ ಲಿನಕ್ಸ್ ಐತೆ, ವಿಂಡೋಸ್ ಬದ್ಲಿಗೆ ಹಾಕೋದು. ಆ ಹೊಸ ವಿಂಡೋಸ್ ಅಂದ್ರೆ ಈ ಮುದಿ ಎತ್ತಿಗೆ ಲಾರಿ ಲೋಡ್ ಹೇರಿದಂಗೆ ಕಣೇ. ಇದು ಹಗುರ. ಕಾಸೂ ಇಲ್ಲ."

"ಕಳ್ಳಮಾಲಾ?"

"ಥೂ, ಅಲ್ಲ! ಬರೆದೋರೇ ಎಲ್ರೂ ಬಳಸ್ಲಿ ಅಂತ ಬಿಟ್ಟವ್ರೆ. ಬೇಕಾದ್ರೆ ಬಿಚ್ಚಿ ನೋಡು, ತಿದ್ದು. ಯಾರ್ಯಾರು ಬರೆದ್ರು ಅಂತ ಹೆಸರೂ ಒಳಗೇ ಇರುತ್ತೆ."

ಮಧ್ಯಾಹ್ನದ ಊಟದ ಹೊತ್ತಿಗೆ ಕಂಪ್ಯೂಟರ್ ಎದ್ದು ಕೂತಿತ್ತು. ಹೊತ್ತುಗಟ್ಟಲೆ ಸುತ್ತುತ್ತಿದ್ದದ್ದು ಈಗ ಕಾಫಿ ಸೋಸುವಷ್ಟರಲ್ಲಿ ತೆರೆದುಕೊಂಡಿತು. ಚಿತ್ರ ಬರೆಯುವ ಸಾಫ್ಟ್‌ವೇರ್ ಕೂಡ ಅದರಲ್ಲೇ ಪುಕ್ಕಟೆಯಾಗಿ ಸಿಕ್ಕಿತು. ವಾಣಿ ಮೌಸ್ ಹಿಡಿದು ಪರದೆಯ ಮೇಲೆ ಚೌಕಗಳನ್ನು ಎಳೆದುಕೊಂಡಳು. ಬೆರಳಿಗೆ ಯಾವುದೂ ಮರೆತಿರಲಿಲ್ಲ.

ಅವಳು ಮೊದಲು ಬರೆದದ್ದು ದ್ರಾಕ್ಷಿ ಬಳ್ಳಿಯ ಸೆರಗು. ತೂಬಗೆರೆ ರಸ್ತೆಯ ತೋಟಗಳಲ್ಲಿ ಚಪ್ಪರದಿಂದ ಜೋತುಬಿದ್ದ ಕಪ್ಪು ಗೊಂಚಲುಗಳನ್ನು ಅವಳು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದಳು. ಮುಗಿದ ಮೇಲೆ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ತಾನೇ ಹೋಗಿ, ಮಗ್ಗದಲ್ಲಿ ಚಿತ್ರ ಮೂಡಿಸುವ ಜಕಾರ್ಡಿಗೆ ಬೇಕಾದ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸಿಕೊಂಡು ಬಂದಳು. ಕುಮಾರ್ ಗೊಣಗುತ್ತಲೇ ಕಾರ್ಡುಗಳನ್ನು ಮಗ್ಗದ ಮೇಲೆ ಏರಿಸಿದ. ಸೆರಗು ಇಳಿದು ಬಂದಾಗ ಗೊಣಗುವುದನ್ನು ನಿಲ್ಲಿಸಿದ. ಅತ್ತೆ ನಾಗಲಕ್ಷ್ಮಮ್ಮ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಎಲೆ ನರ ಕೂಡ ಕಾಣುತ್ತಲ್ಲೇ" ಎಂದರು.

ಸೀರೆ ವ್ಯಾಪಾರದ ಸಾಹುಕಾರರಿಗೂ ಅದು ಹಿಡಿಸಿತು. ಮನೆಗೇ ಬಂದು, ಮಗ್ಗದ ಪಕ್ಕ ನಿಂತು, ಸದ್ದಿನ ನಡುವೆ ಕೂಗಿ ಕೇಳಿದರು: "ಯಾರಪ್ಪಾ ಇದರ ಡಿಸೈನು?"

ವಾಣಿ ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದಳು. ಕುಮಾರ್ ಅವಳನ್ನು ನೋಡಿದ. ಆಮೇಲೆ, "ನನ್ ತಮ್ಮಂದು ಸಾಹುಕಾರ್ರೇ. ಕಂಪ್ಯೂಟರ್ ಲೈನಲ್ಲಿ ಅವ್ನೆ," ಎಂದ.

ಸಾಹುಕಾರರು ತಲೆಯಾಡಿಸಿ ನೀರು ಕುಡಿದು ಲೋಟವನ್ನು ಅವಳ ಕೈಗೇ ಕೊಟ್ಟರು.

ಅವರು ಹೋದ ಮೇಲೆ ವಾಣಿ ಗಂಡನನ್ನು ಅಡುಗೆಮನೆಗೆ ಕರೆದು ಕೇಳಿದಳು. "ಯಾಕ್ರೀ ಹಂಗಂದ್ರಿ?"

"ವ್ಯಾಪಾರದ ಮಾತು ಕಣೇ. ಹೆಂಡ್ತಿ ಬರೆದಿದ್ದು ಅಂದ್ರೆ, ಮನೇಲಿ ಕೂತ್ಕೊಂಡು ಏನೋ ಗೀಚವ್ಳೆ ಅಂತ ರೇಟು ಮುರೀತಾರೆ. ಯಾರ ಹೆಸರಾದ್ರೇನು, ಬರೋದು ಮನೆಗೇ ಅಲ್ವಾ?"

ವಾಣಿ ಲೋಟವನ್ನು ತೊಳೆದು ಬೋರಲು ಹಾಕಿದಳು. ವೇಣು ಅಂದಿನವರೆಗೆ ಆ ಸೀರೆಯನ್ನು ಕಣ್ಣಿಂದ ಕೂಡ ನೋಡಿರಲಿಲ್ಲ. ಬೀದಿಯವರು ಈಗ, "ನಿನ್ ಮೈದುನ ಭಾರಿ ಇದಾನೆ ಬಿಡಮ್ಮ" ಎಂದು ಅವಳಿಗೇ ಹೇಳತೊಡಗಿದರು.

ಆದರೂ ಬರೆಯುವುದನ್ನು ಅವಳು ಬಿಡಲಿಲ್ಲ. ಮದುವೆ ಕಾಲಕ್ಕೆಂದು ಒಂದಾದ ಮೇಲೊಂದು ಸೆರಗು ಕೂಡಿಟ್ಟಳು. ಕೆರೆಯಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆಗಳು, ಹುಣಸೆ ಎಲೆಯ ಅಂಚು, ಎಲ್ಲಕ್ಕಿಂತ ದೊಡ್ಡದಾಗಿ ಒಂದು ಚಕ್ಕೋತದ ಸೆರಗು. ಅರ್ಧ ಸುಲಿದ ಹಣ್ಣು, ತೊಳೆತೊಳೆಯಾಗಿ ಬಿಚ್ಚಿಕೊಳ್ಳುತ್ತ ಸೆರಗಿನ ತುದಿಯವರೆಗೂ ಹೋಗುವಂಥದ್ದು. ಅದಕ್ಕೆ ಅವಳು ಬೇಸಗೆಯೆಲ್ಲ ಸುರಿದಿದ್ದಳು. ಯಾರಿಗೂ ತೋರಿಸಿರಲಿಲ್ಲ.

ಚೈತ್ರಳ ಮನೆಯ ಗೃಹಪ್ರವೇಶಕ್ಕೆಂದು ವಾಣಿ ತೂಬಗೆರೆಗೆ ಹೋಗಿದ್ದ ದಿನ ವೇಣು ಅಮ್ಮನನ್ನು ನೋಡಲು ಬಂದಿದ್ದ. ಸಂಜೆ ಅವಳು ತಿರುಗಿ ಬಂದಾಗ ಅವನು ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಪರದೆಯ ಮೇಲೆ ಬೇರೆಯೇ ಚಿತ್ರವಿತ್ತು. ಮಗ್ಗಗಳು ಓಡುತ್ತಿದ್ದರಿಂದ ಅವನು ಕೂಗಿಯೇ ಹೇಳಿದ.

"ಅತ್ತಿಗೆ, ಏನೋ ಚಿಲ್ಲರೆ ಸಿಸ್ಟಮ್ ಹಾಕ್ಕೊಂಡಿದ್ರಿ! ತೆಗೆದು ಎಸೆದು ಒರಿಜಿನಲ್ ಥರಾನೇ ವಿಂಡೋಸ್ ಹಾಕಿದೀನಿ ನೋಡಿ!"

ವಾಣಿ ಚಪ್ಪಲಿ ಬಿಟ್ಟಿರಲಿಲ್ಲ. "ಒಳಗಿದ್ದವು?"

"ಯಾವು?"

"ನನ್ನ ಡಿಸೈನುಗಳು, ವೇಣು. ಒಳಗಿದ್ದವು ಎಲ್ಲಿ?"

"ಓ, ಆ ಚಿತ್ರಗಳಾ? ಫಾರ್ಮ್ಯಾಟ್ ಮಾಡಿದ್ರೆ ಎಲ್ಲ ಹೋಗ್ಬಿಡುತ್ತೆ. ಕಾಪಿ ಇಟ್ಕೊಂಡಿಲ್ವಾ? ಬೇಸಿಕ್ ಅಲ್ವಾ ಅತ್ತಿಗೆ ಅದು?"

ಕಾಪಿ ಇರಲಿಲ್ಲ. ಪೆನ್‌ಡ್ರೈವಿನಲ್ಲಿ ಇದ್ದದ್ದು ಕಾರ್ಡು ಹೊಡೆಸಿದ್ದ ದ್ರಾಕ್ಷಿ ಸೆರಗೊಂದೇ.

"ಕೇಳದೆ ಯಾಕೆ ಮುಟ್ಟಿದ್ರಿ?"

"ನಂದೇ ಅಲ್ವಾ ಕಂಪ್ಯೂಟರು?" ವೇಣು ನಗುತ್ತಲೇ ಅಂದ. "ಚಿತ್ರ ತಾನೇ, ಇನ್ನೊಂದ್ಸಲ ಬರೆದ್ರಾಯ್ತು."

ಕುಮಾರ್ ಮಗ್ಗದ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದ. ಏನಾಯಿತೆಂದು ಕೇಳಿಸಿಕೊಂಡು, "ಒಳ್ಳೇದು ಮಾಡಕ್ಕೋಗವ್ನೆ. ಇಷ್ಟಕ್ಕೆಲ್ಲ ಯಾಕೆ ಮುಖ ಹಂಗ್ ಮಾಡ್ಕೊಂಡಿದೀಯ?" ಎಂದ.

ಮಗ್ಗದ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಉಪ್ಪು ಬೇಕೆಂದರೂ ಕೂಗಬೇಕು. ಎಷ್ಟು ಕೂಗಿದರೂ ಪಕ್ಕದ ಮನೆಗೆ ಕೇಳುವುದಿಲ್ಲ, ಅಲ್ಲೂ ಮಗ್ಗಗಳೇ. ವಾಣಿ ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಆ ಸದ್ದಿನ ಮೇಲೆ ಎಸೆದಳು. ಬೇಸಗೆಯೆಲ್ಲ ಬೆನ್ನು ಮುರಿದುಕೊಂಡು ಕೂತದ್ದು, ಎಳೆ ಎಳೆ ಲೆಕ್ಕ ಹಾಕಿದ್ದು, ಗುಜರಿಯವನ ಮುಂದೆ ಕುಮಾರ್ ನಕ್ಕದ್ದು.

"ನೀವಿಬ್ರೂ ಒಂದೇ!" ಎಂದು ಅರಚಿದಳು. "ಒಬ್ರು ಹೆಸರು ಅಳಿಸ್ತೀರ, ಇನ್ನೊಬ್ರು ಕೆಲ್ಸಾನೇ ಅಳಿಸ್ತೀರ! ಆ ದ್ರಾಕ್ಷಿ ಸೆರಗು—"

ಅಷ್ಟರಲ್ಲಿ ಕರೆಂಟು ಹೋಯಿತು. ಮನೆಯ ನಾಲ್ಕೂ ಮಗ್ಗ ನಿಂತವು. ಬೀದಿಯ ಅಷ್ಟೂ ಮಗ್ಗಗಳು ಒಟ್ಟಿಗೇ ನಿಂತವು.

"—ಬರೆದಿದ್ದು ನಾನು! ನಿಮ್ ತಮ್ಮ ಅಲ್ಲ! ಊರ್ ತುಂಬ ಸುಳ್ ಹೇಳ್ಕೊಂಡ್ ತಿರುಗ್ತಿರೋದು ನೀವು!"

ಮಾತು ಬಾಗಿಲು ದಾಟಿ ಬೀದಿಯ ಕೊನೆಯವರೆಗೆ ಹೋಯಿತು. ಎಲ್ಲೋ ಒಂದು ಪಾತ್ರೆ ಕೆಳಗಿಟ್ಟ ಸದ್ದು. ಎದುರುಮನೆಯ ಕಿಟಕಿಯಲ್ಲಿ ತಲೆಗಳು ಕಾಣಿಸಿಕೊಂಡವು.

ಕುಮಾರನ ಮುಖ ಸುಣ್ಣವಾಯಿತು. "ಮೆತ್ತಗೆ ಮಾತಾಡೇ," ಎಂದು ಪಿಸುಗುಟ್ಟಿದ. "ಮಾನ ಕಳೀಬೇಡ."

ಬೀದಿಗೆಲ್ಲ ಕೇಳಿಸಿತೆಂದು ವಾಣಿಗೂ ಗೊತ್ತಾಯಿತು. ಆಮೇಲೆ ಉಸಿರು ತುಂಬಿಕೊಂಡು, ಕೇಳಿಸಲೆಂದೇ, ಮೊದಲಿಗಿಂತ ಗಟ್ಟಿಯಾಗಿ ಹೇಳಿದಳು.

"ದ್ರಾಕ್ಷಿ ಸೆರಗು ಬರೆದಿದ್ದು ನಾನು!"

ಎದುರುಮನೆಯ ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡು ಜಗಲಿಗೆ ಬಂದರು. "ಏನಮ್ಮಾ ವಾಣಿ, ಆ ಡಿಸೈನು ನಿಂದಾ?"

"ನಂದೇ ಮುನಿತಾಯಮ್ಮ!"

"ಮತ್ತೆ ನಿನ್ ಗಂಡ..."

"ಅವರನ್ನೇ ಕೇಳಿ!"

ಕುಮಾರ್ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ವೇಣು, "ಇದೊಳ್ಳೆ ಕತೆ ಆಯ್ತಲ್ಲ, ಒಳ್ಳೇದು ಮಾಡಿದೋರಿಗೆ ಹಿಂಗಾ?" ಎನ್ನುತ್ತ ಬೈಕಿನ ಕೀಲಿ ಹುಡುಕಿದ. ನಾಗಲಕ್ಷ್ಮಮ್ಮ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಸೊಸೆ ಬೀದಿಗೆ ಕೇಳುವಂತೆ ಕೂಗಿದ್ದು ಅವರಿಗೂ ಸರಿಬಂದಿರಲಿಲ್ಲ; ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ಅವರು ಬಾಯಿ ಮಾಡಿದ್ದು ಕಿರಿಮಗನ ಮೇಲೆ.

"ಎಷ್ಟೇ ಓದಿದ್ರೂ ಮಗ್ಗದ ಮನೇಲಿ ಹುಟ್ಟಿದೋನಲ್ವೇನೋ ನೀನು? ಮಗ್ಗದ ಮೇಲಿರೋ ಸೀರೆ ಕುಯ್ದ್ಹಾಕಿ, ಇನ್ನೊಂದ್ಸಲ ನೇಯ್ಕೋ ಅಂತೀಯಲ್ಲೋ."

"ಅಮ್ಮಾ, ನಾನೇನ್ ಬೇಕು ಅಂತ ಮಾಡಿದ್ನಾ?"

"ಕೇಳಿದ್ಯಾ ಅವಳ್ನ?"

ವೇಣು ಬೈಕ್ ಹತ್ತಿ ಹೋದ. ತಪ್ಪಾಯಿತು ಎಂಬ ಮಾತು ಅಂದೂ ಅವನ ಬಾಯಲ್ಲಿ ಬರಲಿಲ್ಲ, ಮುಂದೆಯೂ ಬರಲಿಲ್ಲ.

ವಾಣಿ ಚೈತ್ರಳಿಗೆ ಫೋನ್ ಮಾಡಿದಳು. ಹೇಳುವಾಗ ಅಳು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

"ಅಳ್ಬೇಡ, ಮೊದ್ಲು ಕೇಳಿಲ್ಲಿ," ಎಂದಳು ಚೈತ್ರ. "ಕರೆಂಟ್ ಬಂದ್ರೂ ಅದನ್ನ ಆನ್ ಮಾಡ್ಬೇಡ. ವೈರೇ ಕಿತ್ತಿಡು. ಫಾರ್ಮ್ಯಾಟ್ ಮಾಡಿದ್ರೂ ಎಲ್ಲಾ ಒಂದೇ ಸಲ ಅಳಿಸಿರಲ್ಲ, ಅದರ ಮೇಲೆ ಬೇರೆ ತುಂಬ್ತಾ ಹೋದಂಗೆ ಹೋಗೋದು. ನಾಳೆ ಬರ್ತೀನಿ."

ಮಾರನೆಯ ದಿನ ಅವರು ಪೆನ್‌ಡ್ರೈವಿನಿಂದಲೇ ಲಿನಕ್ಸ್ ಎಬ್ಬಿಸಿ, ಕಳೆದ ಫೈಲುಗಳನ್ನು ಕೆದಕಿ ತೆಗೆಯುವ ಒಂದು ಸಾಧನವನ್ನು ಓಡಲು ಬಿಟ್ಟರು. ಸಿಕ್ಕಿದ್ದನ್ನೆಲ್ಲ ಅದು ಇನ್ನೊಂದು ಪೆನ್‌ಡ್ರೈವಿಗೆ ಸುರಿಯುತ್ತಿತ್ತು. ಫೈಲುಗಳ ಹೆಸರೆಲ್ಲ ಹೋಗಿ ಬರೀ ಅಂಕಿಗಳು ಉಳಿದಿದ್ದವು. ವಾಣಿ ಒಂದೊಂದನ್ನೇ ತೆರೆದು ನೋಡಿದಳು. ಕೊಕ್ಕರೆಗಳು ಪೂರ್ತಿ ಬಂದಿದ್ದವು. ಹುಣಸೆ ಎಲೆಯ ಅಂಚು ಅರ್ಧಕ್ಕೆ ಕತ್ತರಿಸಿ, ಕೆಳಗೆಲ್ಲ ಬೂದುಬಣ್ಣ. ಕೆಲವು ತೆರೆಯಲೇ ಇಲ್ಲ. ಚಕ್ಕೋತ ಎಲ್ಲೂ ಇರಲಿಲ್ಲ. ಇನ್ನೊಮ್ಮೆ ಓಡಿಸಿದರು. ಆಗಲೂ ಇರಲಿಲ್ಲ.

"ಸಾರಿ ಕಣೇ," ಎಂದಳು ಚೈತ್ರ.

"ನೀನ್ಯಾಕೆ ಸಾರಿ ಕೇಳ್ತೀಯ? ಕೇಳ್ಬೇಕಾದೋರು ಆರಾಮಾಗವ್ರೆ."

ಈ ಸಲ ಲಿನಕ್ಸನ್ನು ವಾಣಿ ತನ್ನ ಕೈಯಾರೆ ಹಾಕಿದಳು. ಚೈತ್ರ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಪಾಸ್‌ವರ್ಡ್ ಇಡುವಾಗ ಮುಖ ಆಚೆ ತಿರುಗಿಸಿದಳು.

ಕುಮಾರ್ ಬಹಳ ದಿನ ಮಾತು ಬಿಟ್ಟ. ಊಟಕ್ಕೆ ಬಂದು ಕೂರುವುದು, ತಟ್ಟೆ ನೋಡಿಕೊಂಡು ತಿನ್ನುವುದು, ಏಳುವುದು. ಮದುವೆ ಕಾಲ ಹತ್ತಿರವಾದಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ.

"ಸಾಹುಕಾರ್ರು ಹೊಸ ಸೆರಗು ಕೇಳ್ತಾವ್ರೆ."

"ವೇಣು ಹತ್ರ ಬರೆಸ್ಕೊಳಿ."

"ಸಾಕು ಮಾಡೇ ಇನ್ನ. ಬೀದೀಲಿ ತಲೆ ಎತ್ಕೊಂಡ್ ಓಡಾಡಕ್ ಆಗ್ತಿಲ್ಲ ನಂಗೆ."

"ನಿಜ ಹೇಳಿದ್ದಿದ್ರೆ ಎತ್ಕೊಂಡೇ ಓಡಾಡ್ತಿದ್ರಿ. ಅವರ ಮುಂದೆ ಹೇಳಿ, ಆಮೇಲೆ ಬರೀತೀನಿ."

ಸಾಹುಕಾರರು ಬಂದ ದಿನ ಕುಮಾರ್ ಬಹಳ ಹೊತ್ತು ಬೇರೆ ಏನೇನೋ ಮಾತಾಡಿದ. ನೂಲಿನ ಬಣ್ಣದ ಮಾತು, ಕರೆಂಟಿನ ಮಾತು. ಕೊನೆಗೆ ನೆಲ ನೋಡಿಕೊಂಡು, "ಡಿಸೈನು... ಇವಳೇ ಬರೆಯೋದು ಸಾಹುಕಾರ್ರೇ. ಅವತ್ತೂ ಇವಳೇ," ಎಂದ.

ಸಾಹುಕಾರರು ನಕ್ಕರು. "ಬಿಡಪ್ಪ, ಇಡೀ ಊರಿಗೇ ಗೊತ್ತು. ಏನಮ್ಮಾ, ನಮಗೆ ಯಾವಾಗ ಕೊಡ್ತೀಯ?"

ಇಷ್ಟು ಸಿಕ್ಕರೆ ಎದೆ ಹಗುರಾಗುತ್ತದೆ ಎಂದು ವಾಣಿ ನಂಬಿಕೊಂಡಿದ್ದಳು. ಆಗಲಿಲ್ಲ. ಅವನ ಬಗ್ಗಿದ ತಲೆಯನ್ನು ನೋಡಿದಾಗ ಅವಳಿಗೆ ಕನಿಕರವೂ ಬಂತು, ಅದರ ಬೆನ್ನಿಗೇ ಹಳೆಯ ಸಿಟ್ಟೂ ಬಂತು. ಇಷ್ಟು ಸಣ್ಣ ಮಾತಿಗೆ ಇಷ್ಟು ದಿನ ಬೇಕಾಯಿತೇ?

"ಮುನಿತಾಯಮ್ಮನೋರ ಮನೆಗೆ ಒಂದು ಒಪ್ಕೊಂಡಿದೀನಿ," ಎಂದಳು. "ಅದು ಮುಗಿದ ಮೇಲೆ ನಿಮ್ದು."

ಕುಮಾರ್ ತಲೆ ಎತ್ತಿದ. "ನಮ್ ಮಗ್ಗ ಬಿಟ್ಟು ಎದುರುಮನೆಗಾ?"

"ಅವರು ಬಂದು ಕೇಳಿದ್ರು ಕಣ್ರೀ. ನಿನ್ನ ಕೈಲಿ ಆಗುತ್ತಾ ಅಂತ ಕೇಳಿದ್ರು."

ವಾಣಿ ಒಳಗೆ ಹೋಗಿ ಕಂಪ್ಯೂಟರ್ ಹಾಕಿದಳು. ಮುನಿತಾಯಮ್ಮ ಕೇಳಿದ್ದು ಚಕ್ಕೋತವನ್ನೇ. ಬಾಯಿಮಾತಿನಲ್ಲಿ ವಾಣಿ ವರ್ಣಿಸಿದ್ದು ಅವರಿಗೆ ಹಿಡಿಸಿಬಿಟ್ಟಿತ್ತು. ಅವಳು ಹಣ್ಣಿನ ಸುತ್ತು ಎಳೆದು, ಮೊದಲ ತೊಳೆ ತುಂಬಿದಳು. ಅಳಿಸಿದಳು. ಮತ್ತೆ ತುಂಬಿದಳು. ಹಳೆಯದರಲ್ಲಿ ತೊಳೆಗಳು ಬಾಗಿದ್ದ ರೀತಿ ಕಣ್ಣಿಗೆ ಕಟ್ಟಿದಂತಿದ್ದರೂ ಕೈಗೆ ಬರುತ್ತಿರಲಿಲ್ಲ. ಇದು ಬೇರೆಯೇ ಹಣ್ಣಾಗುತ್ತಿತ್ತು, ಸ್ವಲ್ಪ ಗಡುಸಾದದ್ದು. ಆಚೆ ಮಗ್ಗಗಳು ಓಡತೊಡಗಿದವು. ವಾಣಿ ಹಲ್ಲು ಕಚ್ಚಿಕೊಂಡು ಎರಡನೆಯ ತೊಳೆ ಶುರು ಮಾಡಿದಳು.