ಇನ್ನೂರು ಕಿಲೋ ಸಂಶಯ

ನಾನು ಒಂದು ಹಾಯಿದೋಣಿ. ಹೆಸರು ಬೆಳ್ಳಕ್ಕಿ, ಉದ್ದ ಮೂವತ್ತೊಂದು ಅಡಿ. ನಾನು ಹೇಳಿದೆನೆಂದು ನಂಬಬೇಡಿ, ಬೇಕಾದರೆ ಟೇಪು ತಂದು ಅಳೆದು ನೋಡಿ. ನಾನೂ ಬಾಯಿಮಾತಿಗೆ ಯಾರನ್ನೂ ನಂಬಿದವಳಲ್ಲ. ಮನುಷ್ಯರ ಮುಖ ನನಗೆ ಅಷ್ಟು ಗೊತ್ತಾಗುವುದಿಲ್ಲ, ಅಂಗಾಲು ಗೊತ್ತಾಗುತ್ತದೆ. ಅಳುಕಿ ಇಡುವ ಹೆಜ್ಜೆ, ಜಂಬದ ಹೆಜ್ಜೆ, ಏನೋ ಬಚ್ಚಿಡುವ ಹೆಜ್ಜೆ ಎಲ್ಲವೂ ನನ್ನ ಬೆನ್ನಿಗೆ ತಿಳಿಯುತ್ತದೆ. ಹಾಗೆಂದು ನಾನು ಬಹಳ ಕಾಲ ಅಂದುಕೊಂಡಿದ್ದೆ.

ಮಂಗಳೂರಿನ ಗುರುಪುರ ಹೊಳೆಯ ದಂಡೆಯಲ್ಲಿ, ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಕಟ್ಟಿದವರು ಇಬ್ಬರು. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ಅಲೋಶಿಯಸ್ ರೆಬೆಲ್ಲೊ ಮಾಸ್ಟ್ರು ಯಜಮಾನರು. ಮರದ ಮೀನುದೋಣಿ ಕಟ್ಟಿ ಕೈ ಪಳಗಿದ್ದ ದೂಮಪ್ಪ ಕಾಂಚನ್ ಅವರ ಜೊತೆಗಾರ. ಏಳು ವರ್ಷ ಇಬ್ಬರೂ ಗಾಜಿನ ನೂಲಿನ ಬಟ್ಟೆಗೆ ಅಂಟು ಹಚ್ಚಿ, ಪದರದ ಮೇಲೆ ಪದರ ಇಟ್ಟು ನನ್ನ ಮೈ ಮಾಡಿದರು.

"ಇದೆಂತ ಮಾಸ್ಟ್ರೇ, ಬಟ್ಟೆಯಲ್ಲಿ ದೋಣಿಯಾ? ನೀರಿಗೆ ಬಿದ್ರೆ ಬಿಚ್ಚಿ ಹೋಗುದಿಲ್ವ?" ಎಂದು ದೂಮಪ್ಪ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ.

"ನಮ್ಮಿಬ್ಬರಿಗಿಂತ ಹೆಚ್ಚು ಬಾಳ್ತದೆ ದೂಮಣ್ಣ. ನೀನು ಉಜ್ಜು," ಎನ್ನುತ್ತಿದ್ದರು ಮಾಸ್ಟ್ರು.

ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ನೀವು ಕಂಡಿರಬಹುದು. ನಾನಂತೂ ಎರಡು ದೋಣಿ ಒಂದೇ ಮೈಯಲ್ಲಿ ಹೊತ್ತವಳು. ಒಳಗೆ ನಾಲ್ಕು ಮಂಚ, ಒಂದು ಒಲೆ, ಮುಂಬದಿಯ ಮಂಚದಡಿಯಲ್ಲಿ ಇನ್ನೂರು ಲೀಟರ್ ಕುಡಿಯುವ ನೀರಿನ ಟ್ಯಾಂಕು; ಅಂದರೆ ಸಂಸಾರ. ಹೊರಗೆ ಚೂಪು ಮೂತಿ, ಅಗಲ ಹಿಂಬದಿ, ಹಾಯಿ ಕಟ್ಟುವ ಎತ್ತರದ ಕೂವೆಮರ, ಹೊಟ್ಟೆಯಡಿಯಲ್ಲಿ ರೆಕ್ಕೆಯಂತೆ ಇಳಿಬಿದ್ದ ಒಂದು ಟನ್ ಸೀಸ, ಅಂದರೆ ಓಟ. ಗಾಳಿ ಹಿಂದಿನಿಂದ ಬಂದರೆ ಹಾರಿಯೇ ಹೋಗುತ್ತೇನೆ. ಪಕ್ಕದಿಂದ ಬೀಸು ಜೋರಾದರೆ ಮೈ ವಾಲಿ, ಚುಕ್ಕಾಣಿ ನೀರು ಬಿಟ್ಟು ಮೇಲೆದ್ದು, ಹಟಮಾರಿ ಎಮ್ಮೆಯಂತೆ ಗಾಳಿಯ ಕಡೆಗೇ ತಿರುಗಿಬಿಡುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ನೀರಿಗಿಳಿಯುವ ದಿನವೇ ನನ್ನ ತೂಕದ ದಿನವೂ ಆಗಿತ್ತು. ಸ್ಪರ್ಧೆಯಲ್ಲಿ ಭಾರದ ದೋಣಿಗೆ ಸಮಯದ ರಿಯಾಯಿತಿ ಹೆಚ್ಚು, ಹಗುರದ್ದಕ್ಕೆ ಕಡಿಮೆ. ಅದಕ್ಕೇ ಟ್ಯಾಂಕು ಬರಿದಾಗಿರಬೇಕು, ಒಳಗೆ ಸಾಮಾನು ಇರಬಾರದು ಎಂಬ ನಿಯಮ. ಮಾಸ್ಟ್ರು ಹಿಂದಿನ ದಿನವೇ ಎಲ್ಲ ಖಾಲಿ ಮಾಡಿ ಕ್ಯಾಬಿನ್ನಿಗೆ ಬೀಗ ಹಾಕಿದ್ದರು. ಒಂದು ಕೀಲಿ ಅವರಲ್ಲಿ, ಇನ್ನೊಂದು ದೂಮಪ್ಪನಲ್ಲಿ.

ಬೆಳಿಗ್ಗೆ ಕ್ರೇನು ಬರುವ ಮುಂಚೆ ದೂಮಪ್ಪ ಒಬ್ಬನೇ ಬಂದ. ನನ್ನ ಟ್ಯಾಂಕಿಗೆ ನೀರು ಸುರಿದ. ಮತ್ತೆ ಹೋದ, ಮತ್ತೆ ಬಂದ. ಕೊಡದ ಮೇಲೆ ಕೊಡ ಸುರಿದು ಟ್ಯಾಂಕು ತುಳುಕುವವರೆಗೆ ತುಂಬಿಸಿ, ಬೀಗ ಹಾಕಿ ಹೋದ. ಅಯ್ಯೋ, ಇವನು ಯಾರ ಮಾತು ಕೇಳಿ ಹೀಗೆ ಮಾಡಿದ ಎಂದುಕೊಂಡೆ. ಕ್ರೇನು ನನ್ನನ್ನು ಎತ್ತಿ ತೂಗಿತು. ಅಳತೆಯವರು ಬರೆದುಕೊಂಡರು. ನಾಲ್ಕು ದಿನ ಕಳೆದು ದೂಮಪ್ಪನೇ ಬಂದು, ಕಾಲಿನ ಪಂಪು ಒತ್ತಿ ಅಷ್ಟೂ ನೀರನ್ನು ಹೊರಹಾಕಿದ. ನನ್ನ ಸಂಶಯ ಅಲ್ಲಿಗೆ ಗಟ್ಟಿಯಾಯಿತು.

ಮೊದಲ ಸ್ಪರ್ಧೆಯಲ್ಲೇ ಗೆದ್ದೆ. ಎರಡನೆಯವರಾಗಿ ಬಂದವರು ಹಡಗಿನ ಕೆಲಸದಿಂದ ನಿವೃತ್ತರಾದ ಕ್ಯಾಪ್ಟನ್ ದಿವಾಕರ ಶ್ರೀಯಾನ್. ರಿಯಾಯಿತಿ ಕಳೆದು ನೋಡಿದಾಗ ನಮ್ಮಿಬ್ಬರ ನಡುವೆ ನಲವತ್ತೇ ಸೆಕೆಂಡು. ಅವರು ಮೀಸೆ ತಿರುವುತ್ತಾ ನನ್ನ ಸುತ್ತ ಒಂದು ಸುತ್ತು ಬಂದರು.

"ಈ ದೋಣಿ ಬರೆದಷ್ಟು ಭಾರ ಇಲ್ಲ ಮಾರಾಯ್ರೆ. ನೀರಲ್ಲಿ ಕೂತದ್ದು ನೋಡಿದ್ರೇ ಗೊತ್ತಾಗ್ತದೆ. ಇನ್ನೊಮ್ಮೆ ತೂಗಿ."

"ಹತ್ತು ಸಲ ತೂಗಿ!" ಎಂದು ಮಾಸ್ಟ್ರು ಎದೆಯುಬ್ಬಿಸಿ ಹೇಳಿದರು. ಪಾಪ, ಅವರಿಗೇನು ಗೊತ್ತು.

ತೂಗಿದರು. ಇನ್ನೂರು ಕಿಲೋ ಕಡಿಮೆ ಬಂತು.

ದಂಡೆಯ ಮೇಲೆ ನಿಂತಿದ್ದವರೆಲ್ಲ ಮಾಸ್ಟ್ರ ಮುಖವನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ತೂಕ, ಅಳತೆ ಕಲಿಸಿದ ಮನುಷ್ಯ ಊರಿನ ಮುಂದೆ ಕಳ್ಳತಕ್ಕಡಿಯವನ ಹಾಗೆ ನಿಂತರು. ಗೆದ್ದ ಕಪ್ಪನ್ನು ಅವರೇ ಕ್ಯಾಪ್ಟನ್ನರ ಕೈಗಿಟ್ಟರು. ಕೀಲಿ ಇದ್ದದ್ದು ಇಬ್ಬರಲ್ಲಿ ಮಾತ್ರ. ಸ್ಪರ್ಧೆಯ ಹಿಂದಿನ ವಾರ ಬಸ್‌ಸ್ಟ್ಯಾಂಡಿನಲ್ಲಿ ದೂಮಪ್ಪ ಮತ್ತು ಕ್ಯಾಪ್ಟನ್ ನಗುನಗುತ್ತಾ ಮಾತಾಡಿದ್ದನ್ನು ಮಾಸ್ಟ್ರು ನೋಡಿದ್ದರು. ಇಬ್ಬರೂ ಸೇರಿಯೇ ಇದನ್ನು ಮಾಡಿದರೇನೋ ಎಂದು ಆ ನಗು ಅವರ ತಲೆಯಲ್ಲಿ ಹುಳದಂತೆ ಹೊಕ್ಕಿತು.

"ನಾಳೆಯಿಂದ ನೀನು ಬರುದು ಬೇಡ ದೂಮಪ್ಪ," ಎಂದರು. ದೂಮಣ್ಣ ಎನ್ನಲಿಲ್ಲ.

ದೂಮಪ್ಪ ನನ್ನ ಮೇಲೆಯೇ ನಿಂತಿದ್ದ. ಅವನ ಅಂಗಾಲು ಅಲುಗಲಿಲ್ಲ. ಆಮೇಲೆ ಕೀಲಿಯನ್ನು ನನ್ನ ಒಲೆಯ ಪಕ್ಕದಲ್ಲಿಟ್ಟು ಇಳಿದು ಹೋದ. ತಪ್ಪು ಸಿಕ್ಕಿಬಿತ್ತಲ್ಲ, ಇನ್ನೇನು ಮಾತಾಡಿಯಾನು ಎಂದುಕೊಂಡೆ. ಬೇಕಿತ್ತು ಅವನಿಗೆ ಎಂದೂ ಅಂದುಕೊಂಡೆ.

ಆ ಮಳೆಗಾಲ ಮುಗಿಯುವ ಮುಂಚೆ ಮಾಸ್ಟ್ರು ನನ್ನನ್ನು ಮಾರಿದರು. ಕೊಂಡವರು ಯಾರು ಗೊತ್ತೇ? ಅದೇ ಕ್ಯಾಪ್ಟನ್! ನನ್ನ ಮೇಲಿನ ಪ್ರೀತಿಗಲ್ಲ, ಗುಮಾನಿಗೆ. ಮೊದಲ ತೂಕದ ದಿನ ಮಾಸ್ಟ್ರು ಸೀಸ ಎಲ್ಲಿ ಅಡಗಿಸಿಟ್ಟಿದ್ದರು ಎಂದು ನೆಲದ ಹಲಗೆ ಎಬ್ಬಿಸಿದರು, ಗೋಡೆ ಬಡಿದರು, ಟಾರ್ಚು ಹಿಡಿದು ಹೊಟ್ಟೆಯೊಳಗೆ ಇಣುಕಿದರು. ಏನೂ ಸಿಗಲಿಲ್ಲ. ಸಿಗದ್ದಕ್ಕೆ ಸಂಶಯ ಇನ್ನೂ ಬೆಳೆಯಿತು. ಹೀಗೆ ಹನ್ನೊಂದು ವರ್ಷ ಹೋಯಿತು. ಸ್ಪರ್ಧೆಗೆ ಹೊಸ ಹೊಸ ದೋಣಿಗಳು ಬಂದವು, ನನ್ನ ಹಾಯಿ ಹಳತಾಗಿ ಜೋಲುಬಿತ್ತು, ನಾನು ಕ್ಯಾಪ್ಟನ್ನರ ಮೊಮ್ಮಕ್ಕಳನ್ನು ಹೊತ್ತು, ಹೊಳೆ ಕಡಲು ಸೇರುವ ಅಳಿವೆಯವರೆಗೆ ಹೋಗಿಬರುವ ಸಂಸಾರಸ್ಥಳಾದೆ.

ಆ ಹನ್ನೊಂದನೆಯ ವರ್ಷ ನನ್ನ ಚುಕ್ಕಾಣಿಯ ಬುಡ ಸಡಿಲವಾಯಿತು. ಅದನ್ನು ಕೂರಿಸಿದ ಕೈಗೇ ಅದರ ಗುಟ್ಟು ಗೊತ್ತು. ಕ್ಯಾಪ್ಟನ್ ವಿಧಿಯಿಲ್ಲದೆ ದೂಮಪ್ಪನಿಗೆ ಹೇಳಿಕಳಿಸಿದರು. ಅವನು ಬಂದ, ಮೂರು ದಿನ ಮಾತಿಲ್ಲದೆ ಕೆಲಸ ಮಾಡಿದ. ನೀರಿಗಿಳಿಸುವ ಬೆಳಿಗ್ಗೆ ಮತ್ತೆ ಅದೇ ಸದ್ದು! ಕೊಡ ಬಂತು, ನನ್ನ ಟ್ಯಾಂಕಿಗೆ ನೀರು ಬಿತ್ತು. ಈ ಸಲ ಕ್ಯಾಪ್ಟನ್ ಬಾಗಿಲಲ್ಲೇ ನಿಂತಿದ್ದರು.

"ಎಂತ ಮಾಡ್ತಾ ಇದ್ದೀ ನೀನು?"

"ನೀರು ತುಂಬಿಸುದು ಕ್ಯಾಪ್ಟನ್ರೇ. ಖಾಲಿ ಕೊಡದಲ್ಲಿ ದೋಣಿ ಇಳಿಸುದುಂಟಾ? ಮದುಮಗಳು ಹೊಸಿಲು ದಾಟುವಾಗ ಖಾಲಿ ಕೊಡ ಎದುರು ಬರ್ಬಾರ್ದಲ್ಲ, ಹಾಗೇ. ಮೊದಲು ಇಳಿಸಿದ ದಿನವೂ ನಾನೇ ತುಂಬಿಸಿದ್ದು. ಟ್ಯಾಂಕು ದೊಡ್ಡದು, ಸೊಂಟ ಮುರಿದು ಹೋಗಿತ್ತು."

"ತೂಗುವ ದಿನ?"

"ಹೌದು, ತುಲಾಭಾರದ ಹಾಗೆ ತೂಗಿದ್ರಲ್ಲ, ಆ ದಿನ. ಆಮೇಲೆ ನೀರು ಹಾಳಾಗ್ತದೆ ಅಂತ ತೆಗೆದೆ. ಎಂತಕ್ಕೆ, ತಪ್ಪಾಯ್ತಾ?"

ಕ್ಯಾಪ್ಟನ್ ಒಳಗೆ ಬಂದು ನನ್ನ ಮಂಚದ ಮೇಲೆ ಕೂತರು. ಅವರದೂ ದೂಮಪ್ಪನ ಹಾಗೆ ಕಡಲಮಕ್ಕಳ ಕುಲ. ಖಾಲಿ ಕೊಡ ಕಂಡರೆ ಅವರಜ್ಜಿ ದೋಣಿಯನ್ನೇ ತಿರುಗಿಸುತ್ತಿದ್ದಳಂತೆ. "ಹಾಳಾದ್ದು, ನನಗೆ ಹೊಳೀಲೇ ಇಲ್ವಲ್ಲ!" ಎಂದು ಹಣೆ ಚಚ್ಚಿಕೊಂಡರು. ತೂಗುವಾಗ ಟ್ಯಾಂಕು ಖಾಲಿ ಇರಬೇಕೆಂಬ ನಿಯಮವನ್ನು ದೂಮಪ್ಪನಿಗೆ ಯಾರೂ ಹೇಳಿರಲೇ ಇಲ್ಲ. ನನಗೋ ಹೊಳೆಯ ತಳಕ್ಕೆ ಇಳಿದುಹೋಗೋಣ ಎನ್ನಿಸಿತು. ಕೊಡ ಸುರಿದ ಆ ಬೆಳಿಗ್ಗೆ ಅವನ ಜೊತೆ ಇದ್ದವಳು ನಾನೊಬ್ಬಳೇ. ಅವನ ಹೆಜ್ಜೆಯಲ್ಲಿ ಭಾರವಿತ್ತೇ ಹೊರತು ಅಳುಕು ಇರಲಿಲ್ಲ. ಅದು ಗೊತ್ತಿದ್ದೂ ಅವನನ್ನು ಕಳ್ಳನೆಂದವಳು ನಾನು.

ಅಂದೇ ಮಧ್ಯಾಹ್ನ ಕ್ಯಾಪ್ಟನ್ ಕಾರು ತೆಗೆದುಕೊಂಡು ಹೋಗಿ ಮಾಸ್ಟ್ರನ್ನು ಕರೆತಂದರು, ದಾರಿಯಲ್ಲೇ ಎಲ್ಲ ಹೇಳಿದ್ದರು. ಮಾಸ್ಟ್ರು ಚಪ್ಪಲಿ ಬಿಟ್ಟು ನನ್ನ ಮೇಲೆ ಕಾಲಿಟ್ಟರು. ಮುದಿ ಅಂಗಾಲು, ಅಳುಕಿ ಇಡುವ ಹೆಜ್ಜೆ.

"ಒಂದು ಮಾತು ಹೇಳ್ಬಹುದಿತ್ತಲ್ಲ ದೂಮಣ್ಣ?"

"ಎಂತ ಹೇಳುದು ಮಾಸ್ಟ್ರೇ? ನೀವು ಕೇಳ್ಲೇ ಇಲ್ವಲ್ಲ."

ಮಾಸ್ಟ್ರು ತಲೆ ತಗ್ಗಿಸಿದರು. ಆಮೇಲೆ ಮುಂಬದಿಯ ಮಂಚದ ಕಡೆ ನೋಡಿ, "ಟ್ಯಾಂಕು ತುಂಬಿತಾ?" ಎಂದರು.

"ಇನ್ನೊಂದು ನಾಲ್ಕು ಕೊಡ ಬೇಕು."

ಅವರೇ ಕೊಡ ತೆಗೆದುಕೊಂಡು ನಲ್ಲಿಗೆ ಹೋದರು. ಎಂದೂ ನೀರು ಹೊತ್ತವರಲ್ಲ. ಬರುವ ದಾರಿಯುದ್ದಕ್ಕೂ ಚೆಲ್ಲಿದರು, ನನ್ನ ಮೈಯೆಲ್ಲ ಒದ್ದೆಯಾಯಿತು.

ಈಗ ನಾನು ಹುಟ್ಟಿದ ಶೆಡ್ಡಿನ ಪಕ್ಕದಲ್ಲೇ, ಹೊಳೆಯ ಮೂಲೆಯೊಂದರಲ್ಲಿ ಕಟ್ಟಿಹಾಕಿಕೊಂಡು ಇದ್ದೇನೆ. ಓಡುವ ವಯಸ್ಸು ಮುಗಿಯಿತು. ನನ್ನ ಮೇಲೆ ಯಾರು ಕಾಲಿಟ್ಟರೂ ಇವರು ಯಾಕೆ ಬಂದರು ಎಂಬ ಹಳೆಯ ಪ್ರಶ್ನೆ ಏಳುತ್ತದೆ, ಹುಟ್ಟುಗುಣ, ಏನು ಮಾಡಲಿ? ಆಗ ಆ ಮಧ್ಯಾಹ್ನ ದೂಮಪ್ಪ ಮಾಸ್ಟ್ರ ಕೈಯಿಂದ ಕೊಡ ಇಸಿದುಕೊಳ್ಳುತ್ತಾ ಹೇಳಿದ್ದನ್ನು ನೆನೆಯುತ್ತೇನೆ.

"ಚೆಲ್ಲಿದ್ರೆ ತೊಂದರೆ ಇಲ್ಲ ಮಾಸ್ಟ್ರೇ. ನೀವೇ ತಂದ್ರಲ್ಲ, ಸಾಕು."